ಜವಳ: ಹುಟ್ಟುಗೂದಲನ್ನು ಮನೆಯಲ್ಲಿ ತೆಗೆಯುವ ವಿಚಾರ

೧

ಊರು ಬಿಟ್ಟು ಪರಪ್ರಾಂತದ ನಗರಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಮಗುವಿನ ನಾಮಕರಣವೂ ಅನ್ನಪ್ರಾಶನವೂ ಹೇಗೋ ನೆರವೇರಿಬಿಡುತ್ತವೆ. ತೊಟ್ಟಿಲು ಕಟ್ಟುವುದಕ್ಕೆ ಒಂದು ಕೋಣೆ ಸಾಕು. ಒಂದಿಷ್ಟು ಪಾಯಸವನ್ನು ಕೂಸಿನ ತುಟಿಗೆ ಮುಟ್ಟಿಸುವುದಕ್ಕೆ ಹೆಚ್ಚಿನ ಸಿದ್ಧತೆ ಬೇಡ. ತೊಡಕು ಬರುವುದು ಜವಳದ ವಿಷಯದಲ್ಲಿ. ಮನೆದೇವರು ವಿಜಯಪುರದ ಕಡೆಯ ಒಂದು ಹಳ್ಳಿಯಲ್ಲಿ, ಸೋದರಮಾವ ಹುಬ್ಬಳ್ಳಿಯಲ್ಲಿ, ಮಗುವಿನ ತಂದೆ ಮುಂಬಯಿಯ ಕಚೇರಿಯಲ್ಲಿ. ರಜೆ, ರೈಲಿನ ಟಿಕೇಟು, ಮುಹೂರ್ತ ಈ ಮೂರೂ ಒಟ್ಟಿಗೆ ಹೊಂದಿಬರುವ ದಿನ ವರ್ಷಕ್ಕೊಮ್ಮೆ ದೊರೆತರೆ ಅದೇ ಭಾಗ್ಯ. ಅಲ್ಲಿಯವರೆಗೆ ಮಗುವಿನ ಕೂದಲು ಕಾಯುವುದಿಲ್ಲ. ಅದು ಕಣ್ಣಿನ ಮೇಲೆ ಇಳಿಯುತ್ತದೆ. ಮೇ ತಿಂಗಳ ಸೆಕೆಯಲ್ಲಿ ಕತ್ತಿನ ಹಿಂಬದಿಗೆ ಅಂಟಿಕೊಂಡು ಬೆವರುಗುಳ್ಳೆಗಳನ್ನು ಎಬ್ಬಿಸುತ್ತದೆ. ಜವಳವಾಗುವ ತನಕ ತಲೆಗೆ ಕತ್ತರಿ ಸೋಕಬಾರದೆಂದು ಹಿರಿಯರ ಕಟ್ಟಪ್ಪಣೆ. ಕೊನೆಗೊಂದು ರಾತ್ರಿ, ಮಗು ಮಲಗಿರುವಾಗ, ತಾಯಿ ಹೊಲಿಗೆಯ ಕತ್ತರಿಯಿಂದ ಹಣೆಯ ಮೇಲಿನ ನಾಲ್ಕು ಎಳೆಗಳನ್ನು ತಾನೇ ಕತ್ತರಿಸಿ, ಕಾಗದದಲ್ಲಿ ಸುತ್ತಿ, ಅತ್ತೆಯ ಕಣ್ಣಿಗೆ ಬೀಳದಂತೆ ಕಪಾಟಿನಲ್ಲಿ ಅಡಗಿಸುತ್ತಾಳೆ.

ಇಂಥ ಮನೆಗಳು ಒಂದೆರಡಲ್ಲ. ತಾನು ಮಾಡಿದ್ದು ಅನಿವಾರ್ಯವೆಂದು ತಾಯಿಗೆ ಗೊತ್ತು. ಆದರೂ ಏನನ್ನೋ ಮುರಿದೆನೆಂಬ ಅಳುಕು ಮನಸ್ಸಿನಲ್ಲಿ ಉಳಿಯುತ್ತದೆ. ಮುಂದೆ ಮಗುವಿಗೆ ಜ್ವರ ಬಂದರೆ, ನಡೆ ತಡವಾದರೆ, ಆ ಅಳುಕಿಗೆ ನಾಲಗೆ ಬರುತ್ತದೆ. ಮನೆಯಲ್ಲಿ ಮಾತು ಬೆಳೆಯುತ್ತದೆ. ಆದುದರಿಂದ ಮಗುವಿನ ಮೊದಲ ಕೂದಲನ್ನು ಮನೆಯಲ್ಲಿಯೇ ತೆಗೆಯುವುದು ಸಂಪ್ರದಾಯಕ್ಕೆ ವಿರೋಧವೇ ಅಲ್ಲವೇ ಎಂಬ ಪ್ರಶ್ನೆಯನ್ನು ಸಮಾಧಾನದಿಂದ ವಿಚಾರಿಸುವುದು ಯುಕ್ತ. ಇದಕ್ಕೆ ಮೂರು ಕಡೆಗಳಿಂದ ಬೆಳಕು ದೊರೆಯುತ್ತದೆ: ಹಳೆಯ ಗ್ರಂಥಗಳು ಏನು ವಿಧಿಸಿವೆ, ಜನದ ರೂಢಿ ಅದಕ್ಕೆ ಏನನ್ನು ಕೂಡಿಸಿತು, ಮಗುವಿನ ಶರೀರಧರ್ಮ ಏನು ಹೇಳುತ್ತದೆ.

೨

ಮೊದಲು ಹೆಸರುಗಳ ವಿಚಾರ. ಶಾಸ್ತ್ರಗ್ರಂಥಗಳಲ್ಲಿ ಈ ಸಂಸ್ಕಾರಕ್ಕೆ ಚೂಡಾಕರ್ಮ, ಚೂಡಾಕರಣ ಅಥವಾ ಚೌಲ ಎಂದು ಹೆಸರು. ಚೂಡಾ ಎಂದರೆ ನೆತ್ತಿಯ ಮೇಲಿನ ಜುಟ್ಟು, ಶಿಖೆ. ಡಕಾರವು ಲಕಾರವಾಗುವುದು ಸಂಸ್ಕೃತದಲ್ಲಿ ಅಪರೂಪವಲ್ಲವಾದ್ದರಿಂದ ಚೌಡವೇ ಚೌಲವಾಯಿತು. ಅಂದರೆ ಶಾಸ್ತ್ರದ ಹೆಸರು ತೆಗೆದ ಕೂದಲನ್ನು ಸೂಚಿಸುವುದಿಲ್ಲ. ತೆಗೆದ ಮೇಲೆ ತಲೆಯ ಮೇಲೆ ಉಳಿಸಿದ ಕೂದಲನ್ನು ಸೂಚಿಸುತ್ತದೆ. ಮಗುವು ಇಂಥ ಮನೆತನಕ್ಕೆ ಸೇರಿದುದೆಂಬುದನ್ನು ಉಳಿದ ಶಿಖೆಯ ಸಂಖ್ಯೆ ಮತ್ತು ಸ್ಥಾನದಿಂದ ತಿಳಿಯಬಹುದಾಗಿತ್ತು.

ಜನದ ಮಾತಿನ ದೃಷ್ಟಿ ಬೇರೆ. ಉತ್ತರ ಕರ್ನಾಟಕದಲ್ಲಿ ಜವಳ ಅಥವಾ ಜಾವಳ ಎಂದರೆ ಮಗು ಹುಟ್ಟುವಾಗಲೇ ತಂದ ಕೂದಲು. ಅದನ್ನು ತೆಗೆಸುವ ಕಾರ್ಯಕ್ಕೂ ಅದೇ ಹೆಸರು. ಮರಾಠಿಯಲ್ಲಿಯೂ ಇದೇ ಶಬ್ದ, ಇದೇ ಅರ್ಥ. ಪುಣೆಯ ಕನ್ನಡ ಗೃಹಿಣಿ ನೆರೆಮನೆಯ ಮರಾಠಿ ಗೃಹಿಣಿಗೆ ಈ ಸಮಾರಂಭವನ್ನು ಬಿಡಿಸಿ ಹೇಳಬೇಕಾಗುವುದಿಲ್ಲ. ತೆಲುಗಿನಲ್ಲಿ ಪುಟ್ಟುವೆಂಟ್ರುಕಲು ಎನ್ನುತ್ತಾರೆ. ಕನ್ನಡದ ಹುಟ್ಟುಗೂದಲು ಎಂಬುದಕ್ಕೆ ಅದು ಸರಿಸಮಾನವಾದ ಮಾತು. ಹಳೆಯ ಮೈಸೂರಿನ ಕಡೆ ದೇವರಿಗೆ ಮುಡಿ ಕೊಡುವುದು ಎನ್ನುತ್ತಾರೆ. ತಮಿಳಿನಲ್ಲಿಯೂ ಮುಡಿ ಎಂದರೆ ಕೂದಲೇ. ಹಿಂದಿಯ ಮುಂಡನ ಎಂಬುದು ಕ್ರಿಯೆಯನ್ನಷ್ಟೆ ಹೇಳುತ್ತದೆ. ಹೀಗೆ ಶಾಸ್ತ್ರವು ಉಳಿದುದನ್ನು ಹೆಸರಿಸಿದರೆ ಜನವು ಹೋದುದನ್ನು ಹೆಸರಿಸಿದೆ. ಜನಕ್ಕೆ ಮುಖ್ಯವಾದದ್ದು ಮಗು ಗರ್ಭದಿಂದ ಹೊತ್ತುತಂದ ಒಂದು ಋಣ, ಮತ್ತು ಆ ಋಣದ ವಿಮೋಚನೆ.

ಈ ಭಾವನೆ ಒಂದು ಮತಕ್ಕೆ ಸೀಮಿತವಾದುದಲ್ಲ. ಮುಸಲ್ಮಾನರ ಅಕೀಕಾ ಎಂಬ ಆಚರಣೆಯಲ್ಲಿ ಹುಟ್ಟಿದ ಏಳನೆಯ ದಿನ ಕೂಸಿನ ಕೂದಲನ್ನು ತೆಗೆದು, ಅದರ ತೂಕದಷ್ಟು ಬೆಳ್ಳಿಯನ್ನು ಬಡವರಿಗೆ ದಾನಮಾಡುವ ಪದ್ಧತಿಯಿದೆ. ಒಂದು ಹಿಡಿ ನವಿರಾದ ಕೂದಲಿನ ತೂಕ ಎಷ್ಟಿದ್ದೀತು? ದಾನದ ಮೊತ್ತವಲ್ಲ, ಲೆಕ್ಕ ತೀರಿಸಿದೆವೆಂಬ ನೆಮ್ಮದಿಯೇ ಅಲ್ಲಿ ದೊಡ್ಡದು. ಜವಳದ ವಿಷಯದಲ್ಲಿ ಹಿರಿಯರು ಪಡುವ ಆತಂಕದ ಮೂಲವೂ ಇಲ್ಲಿಯೇ ಇದೆ. ಅವರಿಗೆ ಅದು ಬರಿಯ ಕ್ಷೌರವಲ್ಲ. ಬಾಕಿ ಉಳಿದ ಸಾಲ.

೩

ಗ್ರಂಥಗಳ ವಿಧಿಯನ್ನು ಈಗ ನೋಡಬಹುದು. ಸಂಸ್ಕಾರಗಳ ಆಕರಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದವರಲ್ಲಿ ಮುಂಬಯಿಯಲ್ಲಿದ್ದ ಮಹಾಮಹೋಪಾಧ್ಯಾಯ ಪಾಂಡುರಂಗ ವಾಮನ ಕಾಣೆಯವರು ಅಗ್ರಗಣ್ಯರು. ಅವರ ಧರ್ಮಶಾಸ್ತ್ರದ ಇತಿಹಾಸದ ಎರಡನೆಯ ಸಂಪುಟ ೧೯೪೧ರಲ್ಲಿ ಹೊರಬಂದಿತು. ಹಿಂದೂ ಸಂಸ್ಕಾರಗಳನ್ನು ಕುರಿತ ರಾಜಬಲಿ ಪಾಂಡೇಯರ ಗ್ರಂಥ ೧೯೪೯ರದು. ಈ ಎರಡರಲ್ಲಿಯೂ ಚೌಲದ ವಿಚಾರ ಬಂದಿದೆ. ಮೂಲಗಳಲ್ಲಿ ಆಶ್ವಲಾಯನ ಗೃಹ್ಯಸೂತ್ರದ ವಿವರಣೆ ಚಿಕ್ಕದಾಗಿ, ಚೊಕ್ಕವಾಗಿ ಇರುವುದರಿಂದ ಅದನ್ನೇ ಅನುಸರಿಸುವುದು ಅನುಕೂಲ.

ಮನೆಯಲ್ಲಿ ಅಗ್ನಿಯನ್ನು ಸ್ಥಾಪಿಸುತ್ತಾರೆ. ಅದರ ಉತ್ತರಕ್ಕೆ ಅಕ್ಕಿ, ಜವೆ, ಉದ್ದು, ಎಳ್ಳು ತುಂಬಿದ ಪಾತ್ರೆಗಳು. ಪಶ್ಚಿಮಕ್ಕೆ ತಾಯಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿರುತ್ತಾಳೆ. ಬಳಿಯಲ್ಲಿ ಹೊಸ ಪಾತ್ರೆಯೊಂದರಲ್ಲಿ ಎತ್ತಿನ ಸಗಣಿ, ಜೊತೆಗೆ ಶಮೀಪತ್ರೆ, ಅಂದರೆ ಬನ್ನಿಯ ಎಲೆ. ತಂದೆ ಇಪ್ಪತ್ತೊಂದು ದರ್ಭೆಯ ಕಟ್ಟುಗಳನ್ನು ಹಿಡಿದು ಆಕೆಯ ಬಲಕ್ಕೆ ಕೂರುತ್ತಾನೆ. ತಣ್ಣೀರಿಗೆ ಬಿಸಿನೀರನ್ನು ಬೆರೆಸಿ ಹದಮಾಡುತ್ತಾನೆ. ಆ ನೀರಿಗೆ ಬೆಣ್ಣೆಯನ್ನೋ ಮೊಸರಿನ ಹನಿಗಳನ್ನೋ ಸೇರಿಸಿ ಮಗುವಿನ ತಲೆಯನ್ನು ಮೂರು ಸಲ ನೆನೆಸುತ್ತಾನೆ. ಬಲಗಡೆಯ ಕೂದಲಿನಲ್ಲಿ ದರ್ಭೆಯ ಮೂರು ಕಟ್ಟುಗಳನ್ನು ಇಟ್ಟು, ಮಗುವನ್ನು ಕಾಪಾಡೆಂದು ಆ ಹುಲ್ಲನ್ನು ಪ್ರಾರ್ಥಿಸುತ್ತಾನೆ. ಬಳಿಕ ಲೋಹದ ಕ್ಷುರವನ್ನು ದರ್ಭೆಯ ಮೇಲೆ ಒತ್ತಿ, ಈತನಿಗೆ ನೋವುಂಟುಮಾಡದಿರೆಂದು ಆ ಆಯುಧವನ್ನು ಬೇಡಿಕೊಳ್ಳುತ್ತಾನೆ. ಆಮೇಲೆಯೇ ಕತ್ತರಿಸುವುದು. ಕತ್ತರಿಸಿದ ಕೂದಲನ್ನು ಬನ್ನಿಯ ಎಲೆಯೊಡನೆ ತಾಯಿಯ ಕೈಗೆ ಕೊಡುತ್ತಾನೆ. ಆಕೆ ಅದನ್ನು ಸಗಣಿಯ ಮೇಲೆ ಇಡುತ್ತಾಳೆ. ಬಲಗಡೆ ನಾಲ್ಕು ಬಾರಿ, ಎಡಗಡೆ ಮೂರು ಬಾರಿ ಹೀಗೆ ನಡೆಯುತ್ತದೆ. ಕಡೆಗೆ ಕ್ಷುರದ ಅಂಚನ್ನು ಒರೆಸುತ್ತ, ತಲೆಯನ್ನು ಶುದ್ಧಮಾಡಿದರೂ ಆಯುಸ್ಸನ್ನು ಕಸಿಯದಿರಲೆಂದು ಮತ್ತೊಮ್ಮೆ ಕೇಳಿಕೊಳ್ಳುತ್ತಾನೆ. ತಂದೆಯ ಕೆಲಸ ಇಲ್ಲಿಗೆ ಮುಗಿಯಿತು. ಉಳಿದುದನ್ನು ಕ್ಷೌರಿಕನಿಗೆ ಒಪ್ಪಿಸುವಾಗ ಆತನಿಗೆ ಕೊಡುವ ಸೂಚನೆಯೂ ಸೂತ್ರದಲ್ಲಿದೆ: ಬೆಚ್ಚಗಿನ ನೀರನ್ನು ಬಳಸಬೇಕು, ಮಗುವಿಗೆ ನೋವಾಗಬಾರದು, ಕೂದಲನ್ನು ಅಂದವಾಗಿ ತಿದ್ದಬೇಕು.

ಈ ವಿವರಣೆಯಲ್ಲಿ ನಾಲ್ಕು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದು ಸ್ಥಳ. ಇಲ್ಲಿ ದೇವಾಲಯದ ಪ್ರಸ್ತಾಪವಿಲ್ಲ, ತೀರ್ಥಕ್ಷೇತ್ರದ ಪ್ರಸ್ತಾಪವಿಲ್ಲ. ಗೃಹ್ಯವೆಂಬ ಹೆಸರೇ ತಿಳಿಸುವಂತೆ ಇದು ಮನೆಯ ಕರ್ಮ. ಇದರ ಪೀಠ ತಾಯಿಯ ತೊಡೆ.

ಎರಡನೆಯದು ಕಾಲ. ಮೂರನೆಯ ವರ್ಷವೆಂದು ಹೇಳಿದ ಸೂತ್ರಕಾರನೇ ಒಡನೆಯೇ ಕುಲಧರ್ಮದಂತೆ ಮಾಡಬಹುದೆಂದು ಬಾಗಿಲು ತೆರೆದಿಟ್ಟಿದ್ದಾನೆ. ಪಾರಸ್ಕರನ ಪ್ರಕಾರ ಒಂದು ವರ್ಷ ತುಂಬಿದಾಗ, ಅಥವಾ ಮೂರನೆಯದು ಮುಗಿಯುವ ಮುನ್ನ, ಇಲ್ಲವೆ ಅವರವರಿಗೆ ಮಂಗಳವೆಂದು ತೋರಿದಾಗ. ಮನುವು ಮೊದಲನೆಯ ಅಥವಾ ಮೂರನೆಯ ವರ್ಷವೆನ್ನುತ್ತಾನೆ. ಒಂದು ತಿಂಗಳು ತಪ್ಪಿತೆಂದು ಕಂಗಾಲಾಗುವ ಕುಟುಂಬಗಳಿಗೆ ಈ ಸಡಿಲಿಕೆಯ ಅರಿವಿರುವುದು ಒಳ್ಳೆಯದು.

ಮೂರನೆಯದು ಹೆಣ್ಣುಮಗುವಿನ ವಿಚಾರ. ಆಶ್ವಲಾಯನನು ಆಕೆಗೂ ಈ ಕ್ರಿಯೆಯನ್ನು ವಿಧಿಸಿದ್ದಾನೆ, ಆದರೆ ಮಂತ್ರಗಳಿಲ್ಲದೆ. ಕ್ರಿಯೆಗೆ ಅಧಿಕಾರವಿತ್ತು, ಮಾತಿಗೆ ಇರಲಿಲ್ಲ. ನಾಡಿನ ಅನೇಕ ಸಮುದಾಯಗಳು ಹೆಣ್ಣುಮಗುವಿಗೂ ಗಂಡಿನಷ್ಟೇ ಸಡಗರದಿಂದ ಜವಳ ಮಾಡುತ್ತ ಬಂದಿವೆ. ಈ ವಿಷಯದಲ್ಲಿ ಗ್ರಂಥಕ್ಕಿಂತ ರೂಢಿಯೇ ಉದಾರವಾಗಿದೆ. ನೋಯಿಸಬೇಡವೆಂಬ ಪ್ರಾರ್ಥನೆಯನ್ನು ಒಂದು ಮಗುವಿಗೆ ಹೇಳಿ ಇನ್ನೊಂದಕ್ಕೆ ಹೇಳದಿರುವುದಕ್ಕೆ ಇಂದು ಯಾವ ಸಮರ್ಥನೆಯೂ ಇಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ಹುಲ್ಲಿಗೆ, ಕತ್ತಿಗೆ, ಕಡೆಗೆ ಕ್ಷೌರಿಕನಿಗೆ ಸಲ್ಲಿಸುವ ಬಿನ್ನಹ ಒಂದೇ: ಮಗುವಿಗೆ ಗಾಯವಾಗದಿರಲಿ. ಹದವಾದ ನೀರು ಚರ್ಮವನ್ನೂ ಕೂದಲನ್ನೂ ಮೆತ್ತಗಾಗಿಸುತ್ತದೆ. ಬೆಣ್ಣೆಯಿಂದ ಅಲಗು ಜಾರುತ್ತದೆ. ದರ್ಭೆಯು ಅಲಗಿಗೂ ಎಳೆಯ ಚರ್ಮಕ್ಕೂ ನಡುವೆ ಅಡ್ಡವಾಗಿ ನಿಲ್ಲುತ್ತದೆ. ದರ್ಭೆಗೆ ಬೇರೆ ಪಾವಿತ್ರ್ಯವೂ ಇದೆ, ನಿಜ. ಆದರೆ ಹರಿತವಾದ ಆಯುಧವನ್ನು ಕೂಸಿನ ತಲೆಯ ಬಳಿಗೆ ತರುವ ಭಯವನ್ನು ಅರಿತವರೇ ಈ ಕ್ರಮವನ್ನು ಕಟ್ಟಿದ್ದಾರೆಂಬುದು ಹೆಜ್ಜೆಹೆಜ್ಜೆಗೂ ಕಾಣುತ್ತದೆ.

೪

ಗ್ರಂಥದಲ್ಲಿ ಮನೆಯ ಕರ್ಮವಾಗಿದ್ದುದು ರೂಢಿಯಲ್ಲಿ ಮನೆದೇವರ ಬಳಿಗೆ ಹೋಯಿತು. ಮಗು ಉಳಿಯಲೆಂದು ಹೊತ್ತ ಹರಕೆ, ಕುಲದೇವತೆಗೆ ಸಲ್ಲಬೇಕಾದ ಕಾಣಿಕೆ, ವರ್ಷಕ್ಕೊಮ್ಮೆ ನೆರೆಯುವ ಜಾತ್ರೆ ಇವೆಲ್ಲ ಜವಳದೊಡನೆ ಬೆಸೆದುಕೊಂಡವು. ತಿರುಪತಿ, ನಂಜನಗೂಡು, ಧರ್ಮಸ್ಥಳಗಳಲ್ಲಿ ಮುಡಿ ಕೊಡುವವರ ಸಾಲು ಪ್ರಸಿದ್ಧವಾದುದು. ಕೂಸುಗಳು ಹೆಚ್ಚಾಗಿ ಸಾಯುತ್ತಿದ್ದ ಕಾಲದಲ್ಲಿ ಮಗು ಒಂದೆರಡು ವರ್ಷ ಬದುಕಿ ನಿಂತಿತೆಂಬುದೇ ದೊಡ್ಡ ಸಮಾಚಾರ. ಅದನ್ನು ದೇವರ ಎದುರಿಗೆ ನಿವೇದಿಸುವುದು ಸಹಜವಾಗಿತ್ತು.

ಇನ್ನೊಂದು ಸೇರ್ಪಡೆ ಸೋದರಮಾವನದು. ಗೃಹ್ಯಸೂತ್ರದಲ್ಲಿ ಆತನಿಗೆ ಸ್ಥಾನವಿಲ್ಲ. ಅಲ್ಲಿ ಮೊದಲು ಕತ್ತರಿಸುವವನು ತಂದೆ. ಉತ್ತರ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವವನು ಸೋದರಮಾವ. ಮೊದಲ ಎಳೆಗೆ ಕತ್ತರಿ ತಾಗಿಸುವ ಮಾನವೂ ಎಷ್ಟೋ ಮನೆಗಳಲ್ಲಿ ಆತನದೇ. ಹೊಸ ಬಟ್ಟೆ ಆತನ ಉಡುಗೊರೆ. ಹೆಣ್ಣು ಕೊಟ್ಟ ಮನೆಗೆ ಆ ಹೆಣ್ಣಿನ ಮಗುವಿನ ಮೇಲೆ ಇರುವ ಪ್ರೀತಿಗೂ ಹೊಣೆಗೂ ಇದು ಬಹಿರಂಗವಾದ ಸಾಕ್ಷಿ. ತವರಿನಿಂದ ದೂರವಾಗಿ ಪರಊರಿನಲ್ಲಿರುವ ತಾಯಿಗೆ ಈ ಸಾಕ್ಷಿಯ ಬೆಲೆ ಊರಿನಲ್ಲಿರುವವಳಿಗಿಂತ ಹೆಚ್ಚು. ಅಣ್ಣನಾಗಲಿ ತಮ್ಮನಾಗಲಿ ಬರಲಿಲ್ಲವೆಂಬ ಕೊರಗು ದೇವರ ಸನ್ನಿಧಿ ದೊರೆಯಲಿಲ್ಲವೆಂಬ ಕೊರಗಿಗಿಂತ ಕಡಿಮೆಯಾದುದಲ್ಲ.

ಕ್ಷೌರಿಕನ ಮಾತೂ ಇಲ್ಲಿ ಬರಬೇಕು. ತಂದೆಯೋ ಮಾವನೋ ಕತ್ತರಿಸುವುದು ಶಾಸ್ತ್ರಕ್ಕೆ. ಒದ್ದಾಡುವ ಮಗುವಿನ ತಲೆಯನ್ನು ಒಂದು ಗೀರೂ ಬೀಳದಂತೆ ಬೋಳಿಸುವ ವಿದ್ಯೆ ಕ್ಷೌರಿಕನದು. ಗೋಭಿಲ ಗೃಹ್ಯಸೂತ್ರವು ಕರ್ಮದಲ್ಲಿ ಇಟ್ಟ ಅನ್ನವೂ ಧಾನ್ಯಗಳೂ ಆತನಿಗೆ ಸಲ್ಲಬೇಕೆಂದು ವಿಧಿಸಿದೆ. ಆತನ ಸಲಕರಣೆಗಳ ಚೀಲಕ್ಕೆ ಕನ್ನಡದಲ್ಲಿ ಹಡಪವೆಂದು ಹೆಸರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಸವಣ್ಣನವರಿಗೆ ಆಪ್ತರಾಗಿದ್ದ ಹಡಪದ ಅಪ್ಪಣ್ಣನವರನ್ನು ಕ್ಷೌರವೃತ್ತಿಯ ಸಮುದಾಯವು ತನ್ನ ಹಿರಿಯರೆಂದು ಗೌರವಿಸುತ್ತದೆ. ಶುಭಕ್ಕೆ ಬೇಕೇಬೇಕಾದವನನ್ನು ಕೆಲಸ ಮುಗಿದೊಡನೆ ಹೊರಗೆ ನಿಲ್ಲಿಸಿದ ಸಮಾಜದ ನಡವಳಿಕೆ ಸೂತ್ರದ ಆ ಧಾನ್ಯದಾನಕ್ಕೆ ಒಪ್ಪುವಂಥದಲ್ಲ. ನಗರದ ಮನೆಗೆ ಕ್ಷೌರಿಕನನ್ನು ಕರೆಸುವವರು ಆತನಿಗೆ ಕೂಲಿಯೊಡನೆ ಎಲೆಯ ಮುಂದೆ ಜಾಗವನ್ನೂ ಕೊಟ್ಟರೆ ಹಳೆಯ ವಿಧಿಯ ಆಶಯ ನೆರವೇರಿದಂತಾಗುತ್ತದೆ.

ಇಷ್ಟನ್ನು ಬಿಡಿಸಿ ನೋಡಿದರೆ ಜವಳವೆಂಬ ಒಂದೇ ಮಾತಿನಲ್ಲಿ ಎರಡು ಬೇರೆಬೇರೆ ವಿಷಯಗಳು ಅಡಕವಾಗಿರುವುದು ಸ್ಪಷ್ಟವಾಗುತ್ತದೆ. ಒಂದು ಸಂಸ್ಕಾರ, ಅದರ ಜಾಗ ಮನೆ, ಅದರ ಕಾಲ ಕುಲಾಚಾರಕ್ಕೆ ಬಿಟ್ಟದ್ದು. ಇನ್ನೊಂದು ಹರಕೆ, ಅದು ದೇವರಿಗೆ ಕೊಟ್ಟ ಮಾತು, ಅದನ್ನು ಸಲ್ಲಿಸುವುದು ಆ ದೇವರ ಸನ್ನಿಧಿಯಲ್ಲಿಯೇ. ಹರಕೆಯೇ ಇಲ್ಲದ ಮನೆಯವರು ಊರಿನ ಪ್ರಯಾಣಕ್ಕಾಗಿ ಮಗುವಿನ ಕೂದಲನ್ನು ವರ್ಷಗಟ್ಟಲೆ ಕಾಯಿಸಬೇಕಾದ ಕಾರಣವಿಲ್ಲ. ಹರಕೆ ಹೊತ್ತ ಮನೆಗಳಲ್ಲಿಯೂ ದಾರಿಯಿದೆ. ಯಾತ್ರೆ ತಡವಾದಾಗ ಅರಿಸಿನದ ಬಟ್ಟೆಯಲ್ಲಿ ಕಾಸು ಗಂಟುಹಾಕಿ ದೇವರ ಮುಂದೆ ಮುಡಿಪು ಇಡುವ ವಾಡಿಕೆ ನಾಡಿನಲ್ಲಿ ಹಳೆಯದು. ಅದೇ ಬಟ್ಟೆಯಲ್ಲಿ ಮೊದಲ ಕೂದಲಿನ ಒಂದು ಎಳೆಯನ್ನೂ ಇಟ್ಟು, ಊರಿಗೆ ಹೋದಾಗ ಒಪ್ಪಿಸಿದರೆ, ಮಾತು ತಪ್ಪಿದಂತಾಗುವುದಿಲ್ಲ. ಮಗುವಿಗೆ ಸೆಕೆಯ ಬಾಧೆಯೂ ಇರುವುದಿಲ್ಲ.

೫

ಜವಳವನ್ನು ಸಮರ್ಥಿಸುವಾಗ ಸಾಮಾನ್ಯವಾಗಿ ಹೇಳುವ ಕಾರಣಗಳು ಎರಡು: ಗರ್ಭದ ಕೂದಲು ಅಶುದ್ಧವಾದುದರಿಂದ ಅದನ್ನು ತೆಗೆಯಬೇಕು, ಬೋಳಿಸಿದರೆ ಮುಂದೆ ಕೂದಲು ದಟ್ಟವಾಗಿ ಬೆಳೆಯುತ್ತದೆ. ಶರೀರಶಾಸ್ತ್ರವು ಈ ಎರಡನ್ನೂ ಒಪ್ಪುವುದಿಲ್ಲ.

ಗರ್ಭದಲ್ಲಿರುವಾಗ ಮಗುವಿನ ಮೈಯನ್ನೆಲ್ಲ ಮುಚ್ಚುವ ನವಿರಾದ ರೋಮ ಬಹುಮಟ್ಟಿಗೆ ಹುಟ್ಟುವ ಮೊದಲೇ ಉದುರಿಹೋಗುತ್ತದೆ. ತಲೆಯ ಮೇಲೆ ಹೊತ್ತುಬಂದ ಕೂದಲಿಗೂ ಆಯುಸ್ಸು ದೀರ್ಘವಲ್ಲ. ಎರಡು ಮೂರು ತಿಂಗಳಿನಲ್ಲಿ ತಲೆಯ ಹಿಂಭಾಗ ಬೋಳಾಗುವುದನ್ನು ಎಲ್ಲ ತಾಯಂದಿರೂ ಕಂಡಿರುತ್ತಾರೆ. ದಿಂಬಿಗೆ ಉಜ್ಜಿ ಹೋಯಿತೆಂದು ಹೇಳುವುದುಂಟು; ಆದರೆ ಆ ಭಾಗದ ಕೂದಲು ಹೆರಿಗೆಯ ಸುಮಾರಿಗೆ ಬೆಳೆಯುವುದನ್ನು ನಿಲ್ಲಿಸಿ, ಒಟ್ಟಿಗೆ ಉದುರುವ ಹಂತಕ್ಕೆ ಬರುವುದೇ ಅದಕ್ಕೆ ಮುಖ್ಯ ಕಾರಣ. ವರ್ಷ ತುಂಬುವ ಹೊತ್ತಿಗೆ ಸಾಮಾನ್ಯವಾಗಿ ಹುಟ್ಟುಗೂದಲಿನ ಬಹುಭಾಗ ಹೋಗಿ ಹೊಸದು ಬಂದಿರುತ್ತದೆ. ಆದುದರಿಂದ ಮೂರನೆಯ ವರ್ಷದ ಜವಳದಲ್ಲಿ ಬೀಳುವ ಕೂದಲು ಗರ್ಭದಿಂದ ಬಂದುದೇ ಅಲ್ಲ. ಹುಟ್ಟುಗೂದಲೆಂಬುದು ಅಲ್ಲಿ ವಸ್ತುವಲ್ಲ, ಭಾವನೆ. ಭಾವನೆಯೆಂದ ಮಾತ್ರಕ್ಕೆ ಅದು ಸುಳ್ಳೆಂದಲ್ಲ. ಆದರೆ ಅಶುದ್ಧಿಯ ಹೆಸರಿನಲ್ಲಿ ತಾಯಿಯನ್ನು ಹೆದರಿಸುವುದಕ್ಕೆ ಅದು ಆಧಾರವಾಗಲಾರದು.

ಕೂದಲು ದಟ್ಟವಾಗುತ್ತದೆಂಬ ನಂಬಿಕೆಗೂ ಇದೇ ಗತಿ. ಕೂದಲು ಹುಟ್ಟುವ ರೋಮಕೂಪಗಳು ಚರ್ಮದ ಒಳಗಿವೆ. ಅವುಗಳ ಸಂಖ್ಯೆ ಹುಟ್ಟುವ ಮೊದಲೇ ನಿಶ್ಚಯವಾಗಿರುತ್ತದೆ. ಕತ್ತಿಯು ಚರ್ಮದ ಮೇಲಿನ ನಿರ್ಜೀವವಾದ ಎಳೆಯನ್ನು ಮುಟ್ಟುತ್ತದೆಯೇ ಹೊರತು ಕೂಪವನ್ನು ಮುಟ್ಟುವುದಿಲ್ಲ. ಅಮೆರಿಕದ ಅಂಗರಚನಾಶಾಸ್ತ್ರಜ್ಞೆ ಮಿಲ್ಡ್ರೆಡ್ ಟ್ರಾಟರ್ ೧೯೨೮ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕ್ಷೌರದಿಂದ ಕೂದಲಿನ ಬಣ್ಣವಾಗಲಿ ದಪ್ಪವಾಗಲಿ ಬೆಳೆವ ವೇಗವಾಗಲಿ ಬದಲಾಗಲಿಲ್ಲ. ೧೯೭೦ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಐದು ಮಂದಿ ತರುಣರ ಒಂದೊಂದು ಕಾಲನ್ನು ಹಲವು ತಿಂಗಳು ವಾರಕ್ಕೊಮ್ಮೆ ಕ್ಷೌರ ಮಾಡಿ, ಇನ್ನೊಂದು ಕಾಲಿನೊಡನೆ ಹೋಲಿಸಿದಾಗಲೂ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಜನ ಕಂಡದ್ದೇನು? ಕತ್ತರಿಸದ ಕೂದಲಿನ ತುದಿ ಸೂಜಿಯಂತೆ ಸಣ್ಣಗಾಗಿರುತ್ತದೆ. ಕತ್ತರಿಸಿದುದರ ತುದಿ ಮೊಂಡು. ಮೊಂಡು ತುದಿಗಳೆಲ್ಲ ಒಟ್ಟಿಗೆ ಎದ್ದುಬಂದಾಗ ಕೈಗೆ ಒರಟಾಗಿ, ಕಣ್ಣಿಗೆ ದಟ್ಟವಾಗಿ ತೋರುತ್ತವೆ. ಮೇಲಾಗಿ ಆ ವಯಸ್ಸಿನಲ್ಲಿ ಕೂದಲು ತಾನಾಗಿಯೇ ದಪ್ಪವಾಗುತ್ತ ಬರುತ್ತದೆ. ಅದರ ಕೀರ್ತಿ ಕತ್ತಿಗೆ ಹೋಗುತ್ತದೆ. ಚರಕ ಸುಶ್ರುತ ಸಂಹಿತೆಗಳು ಕೂದಲು ಉಗುರುಗಳನ್ನು ತೆಗೆಯುವುದರಿಂದ ಶುಚಿ, ಅಂದ, ಲವಲವಿಕೆ ಮುಂತಾದ ಫಲಗಳುಂಟೆನ್ನುತ್ತವೆ. ಬೇಸಗೆಯ ನಗರದಲ್ಲಿರುವ ಮಗುವಿಗೆ ಇವುಗಳಲ್ಲಿ ಶುಚಿ, ಲವಲವಿಕೆಗಳೇ ಸಾಕಷ್ಟಾದವು.

ಶರೀರಶಾಸ್ತ್ರದಿಂದ ತಿಳಿಯಬೇಕಾದ ನಿಜವಾದ ಎಚ್ಚರಿಕೆಗಳು ಬೇರೆ ಇವೆ. ನೆತ್ತಿಯ ಮುಂಭಾಗದಲ್ಲಿ ಎಲುಬುಗಳು ಇನ್ನೂ ಕೂಡದ ಮೆತ್ತನೆಯ ಜಾಗವು ಸಾಮಾನ್ಯವಾಗಿ ೧೨ರಿಂದ ೧೮ ತಿಂಗಳೊಳಗೆ ಮುಚ್ಚುತ್ತದೆ. ಕೆಲವು ಮಕ್ಕಳಲ್ಲಿ ಎರಡು ವರ್ಷದವರೆಗೂ ಉಳಿಯಬಹುದು. ನೆತ್ತಿ ಕೂಡುವ ಮೊದಲು ಅಲ್ಲಿ ಅಲಗನ್ನು ಒತ್ತುವುದು ವಿವೇಕವಲ್ಲ. ಎರಡನೆಯದಾಗಿ, ತಲೆಯ ಚರ್ಮಕ್ಕೆ ರಕ್ತನಾಳಗಳು ಹೆಚ್ಚು. ಸಣ್ಣ ಗೀರಿನಿಂದಲೂ ತುಂಬ ರಕ್ತ ಬರುತ್ತದೆ. ಮೂರನೆಯದು ಅತಿ ಮುಖ್ಯ: ಒಂದೇ ಅಲಗನ್ನು ಹಲವು ತಲೆಗಳಿಗೆ ಬಳಸುವುದರಿಂದ ರಕ್ತದ ಮೂಲಕ ಹರಡುವ ರೋಗಗಳ ಭಯವಿದೆ. ಕಾಮಾಲೆಯನ್ನು ತರುವ ಹೆಪಟೈಟಿಸ್ ಬಿ ವೈರಾಣು ಶರೀರದ ಹೊರಗೆ ಕನಿಷ್ಠ ಏಳು ದಿನ ಜೀವಂತವಾಗಿರಬಲ್ಲದು. ಅಲಗನ್ನು ನೀರಿನಲ್ಲಿ ಅದ್ದಿ ಒರೆಸಿದರೆ ಅದು ಹೋಗುವುದಿಲ್ಲ. ಹರಕೆಯ ಜಾಗದಲ್ಲಾಗಲಿ ಅಂಗಡಿಯಲ್ಲಾಗಲಿ ಮನೆಯಲ್ಲಾಗಲಿ, ಹೊಸ ಬ್ಲೇಡನ್ನು ಕಣ್ಣೆದುರಿಗೆ ಬಿಚ್ಚಿಸಿ ಹಾಕಿಸಬೇಕು. ಹುಟ್ಟಿದಂದಿನಿಂದ ಕೊಡಬೇಕಾದ ಲಸಿಕೆಗಳು ಕ್ರಮವಾಗಿ ಆಗಿವೆಯೇ ಎಂದು ನೋಡಿಕೊಂಡ ಮೇಲೆಯೇ ಜವಳದ ದಿನವನ್ನು ಗೊತ್ತುಮಾಡುವುದು ಲೇಸು.

೬

ಮನೆಯಲ್ಲಿ ಕೂದಲು ತೆಗೆಯುವ ಕ್ರಮವನ್ನು ಈಗ ಸಂಗ್ರಹವಾಗಿ ಹೇಳಬಹುದು. ಮೊದಲ ನಿಯಮ: ಅಭ್ಯಾಸವಿಲ್ಲದ ಕೈ ಕತ್ತಿಯನ್ನು ಹಿಡಿಯಬಾರದು. ಪೂರ್ತಿ ಬೋಳಿಸಲೇಬೇಕೆಂದಿದ್ದರೆ ಪಳಗಿದ ಕ್ಷೌರಿಕನನ್ನು ಮನೆಗೆ ಕರೆಸಬೇಕು. ಮನೆಯವರೇ ಮಾಡುವುದಾದರೆ ತುದಿ ಗುಂಡಾಗಿರುವ ಚಿಕ್ಕ ಕತ್ತರಿ, ಒಂದು ಸಣ್ಣ ಬಾಚಣಿಗೆ, ಒಂದು ಬಟ್ಟಲು ಬೆಚ್ಚಗಿನ ನೀರು, ಎರಡು ಮೆತ್ತನೆಯ ಬಟ್ಟೆ ಇಷ್ಟು ಸಾಕು. ಟ್ರಿಮ್ಮರ್ ಎಂದು ಕರೆಯುವ ಯಂತ್ರವನ್ನು ಬಳಸುವವರು ಅದಕ್ಕೆ ಅಂತರ ಕಾಯುವ ಬಾಚಣಿಗೆಯನ್ನು ತಪ್ಪದೆ ಸಿಕ್ಕಿಸಬೇಕು. ಅದರ ಸದ್ದಿಗೆ ಮಗು ಬೆಚ್ಚದಂತೆ ಒಂದೆರಡು ದಿನ ಮೊದಲೇ ದೂರದಲ್ಲಿ ಕೇಳಿಸಿ ರೂಢಿಮಾಡಬೇಕು.

ಹೊತ್ತು ಆರಿಸುವುದು ಪಂಚಾಂಗದ ಕೆಲಸದಷ್ಟೇ ತಾಯಿಯ ಕೆಲಸವೂ ಹೌದು. ನಿದ್ದೆ ಮುಗಿದು ಹೊಟ್ಟೆ ತುಂಬಿದ ಮಗು ಹತ್ತು ನಿಮಿಷ ಸುಮ್ಮನಿದ್ದೀತು. ಹಸಿದ ಮಗುವಿಗೆ ಯಾವ ಮುಹೂರ್ತವೂ ಒಳ್ಳೆಯದಲ್ಲ. ಮಲಗಿರುವಾಗ ಕತ್ತರಿಸುವುದು ಸುಲಭವೆಂದು ತೋರಿದರೂ ಮಗು ತಟ್ಟನೆ ತಲೆ ಹೊರಳಿಸುವ ಅಪಾಯವಿದೆ. ತಾಯಿಯಾಗಲಿ ಸೋದರಮಾವನಾಗಲಿ ಮಗುವನ್ನು ತೊಡೆಯ ಮೇಲೆ ಎದುರುಮುಖವಾಗಿ ಕೂರಿಸಿಕೊಂಡು ಗಲ್ಲವನ್ನೂ ಕೈಗಳನ್ನೂ ಮೆಲ್ಲಗೆ ಹಿಡಿಯಬೇಕು. ಕತ್ತರಿ ಇನ್ನೊಬ್ಬರ ಕೈಯಲ್ಲಿರಬೇಕು. ಒಬ್ಬರೇ ಎರಡೂ ಕೆಲಸಕ್ಕೆ ಇಳಿಯಬಾರದು.

ಕೂದಲನ್ನು ನೀರಿನಿಂದ ನೆನೆಸಿ ಬಾಚಿ, ಒಂದಿಷ್ಟನ್ನು ತೋರುಬೆರಳು ನಡುಬೆರಳುಗಳ ನಡುವೆ ಹಿಡಿದು ತಲೆಯಿಂದ ಮೇಲಕ್ಕೆ ಎತ್ತಿ, ಬೆರಳುಗಳ ಹೊರಬದಿಯಲ್ಲಿ ಕತ್ತರಿಸಬೇಕು. ಆಗ ಕತ್ತರಿ ತಪ್ಪಿದರೂ ತಾಗುವುದು ದೊಡ್ಡವರ ಬೆರಳಿಗೆ. ಅಂಚುಗಳಲ್ಲಿ ಬೆರಳಿಗೆ ಬದಲಾಗಿ ಬಾಚಣಿಗೆಯನ್ನು ತಲೆಗೆ ಒತ್ತಿ ಹಿಡಿದು, ಅದರ ಹಲ್ಲುಗಳಿಂದ ಹೊರಬಂದ ಕೂದಲನ್ನಷ್ಟೇ ತೆಗೆಯಬೇಕು. ದರ್ಭೆಯು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಬಾಚಣಿಗೆ ಮಾಡುತ್ತದೆ. ಕಿವಿಯ ಬಳಿ ಬಂದಾಗ ಕಿವಿಯನ್ನು ಮಡಿಸಿ ಅಂಗೈಯಿಂದ ಮುಚ್ಚಬೇಕು. ನೆತ್ತಿ ಕೂಡದಿದ್ದರೆ ಅಲ್ಲಿಯ ಕೂದಲನ್ನು ಉದ್ದವಾಗಿಯೇ ಬಿಡುವುದು ಒಳ್ಳೆಯದು. ಮಗು ಅತ್ತು ಒದ್ದಾಡತೊಡಗಿದರೆ ಅರ್ಧಕ್ಕೇ ನಿಲ್ಲಿಸಿ ಮರುದಿನ ಮುಂದುವರಿಸಬಹುದು. ಹಣೆಯ ಮೇಲೆ ಕೂದಲು ಡೊಂಕಾಗಿ ನಿಂತಿತೆಂದು ಚಿಂತಿಸಬೇಕಾಗಿಲ್ಲ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಬೆಳೆದು ಅದು ತಾನೇ ಸರಿಹೋಗುತ್ತದೆ.

ಗೀರು ಬಿದ್ದರೆ ಚೊಕ್ಕವಾದ ಬಟ್ಟೆಯಿಂದ ಕೆಲವು ನಿಮಿಷ ಒತ್ತಿ ಹಿಡಿಯಬೇಕು; ರಕ್ತ ನಿಲ್ಲದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಎಲ್ಲ ಮುಗಿದ ಮೇಲೆ ಕತ್ತು ಕಿವಿಗಳಲ್ಲಿ ಉಳಿದ ಚೂರುಗಳು ಚುಚ್ಚದಂತೆ ಬೆಚ್ಚಗಿನ ನೀರಿನ ಸ್ನಾನ. ಬೋಳಿಸಿದ ತಲೆಗೆ ಗಂಧ ಹಚ್ಚುವ ರೂಢಿಯಿದೆ. ಕಲ್ಲಿನ ಮೇಲೆ ತೇದ ಶುದ್ಧವಾದ ಗಂಧವನ್ನು ಗಾಯವಿಲ್ಲದ ತಲೆಗೆ ತೆಳುವಾಗಿ ಹಚ್ಚಿದರೆ ತಂಪಾಗುತ್ತದೆ. ಅಂಗಡಿಯ ಬಣ್ಣದ ಪುಡಿಗಳು ಬೇಡ. ಕೆಲವು ವಾರ ಬಿಸಿಲಿಗೆ ಒಯ್ಯುವಾಗ ಟೋಪಿ ಇರಲಿ.

೭

ಹೀಗೆ ನೋಡಿದರೆ ಮನೆಯಲ್ಲಿ ಜವಳ ಮಾಡುವ ನಗರದ ಕುಟುಂಬವು ಕಳೆದುಕೊಳ್ಳುವುದು ಯಾವುದನ್ನು? ಗ್ರಂಥದ ದೃಷ್ಟಿಯಿಂದ ಏನನ್ನೂ ಅಲ್ಲ. ಅದು ಮೂಲದ ಜಾಗಕ್ಕೆ ಮರಳಿದಂತಾಯಿತು. ರೂಢಿಯ ದೃಷ್ಟಿಯಿಂದ ಕಳೆಯುವುದು ಎರಡು: ಮನೆದೇವರ ಸನ್ನಿಧಿ, ಬಂಧುಗಳ ಕೂಟ. ಮೊದಲನೆಯದಕ್ಕೆ ಮುಡಿಪಿನ ದಾರಿಯಿದೆ. ಎರಡನೆಯದಕ್ಕೆ ಪೂರ್ಣವಾದ ಪರಿಹಾರವಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ದೂರವಾಣಿಯ ಪರದೆಯ ಮೇಲೆ ಅಜ್ಜಿ ಕಾಣುತ್ತಾಳೆ, ಅವಳ ಕೈ ಮಗುವಿನ ತಲೆಯನ್ನು ಮುಟ್ಟಲಾರದು. ಆದುದರಿಂದ ಸೋದರಮಾವನಿಗಾದರೂ ರಜೆ ಸಿಕ್ಕುವ ದಿನವನ್ನೇ ಮುಹೂರ್ತವೆಂದು ಇಟ್ಟುಕೊಳ್ಳುವುದು ಜಾಣತನ. ಅವರವರಿಗೆ ಮಂಗಳವೆಂದು ತೋರಿದ ಕಾಲವೆಂಬ ಪಾರಸ್ಕರನ ಮಾತಿಗೆ ಇದಕ್ಕಿಂತ ಒಳ್ಳೆಯ ಅರ್ಥ ದೊರೆಯಲಾರದು. ಆತನೂ ಬರಲಾಗದಿದ್ದರೆ ಅದೇ ಕಟ್ಟಡದ ಕನ್ನಡದವರಲ್ಲಿ ತಾಯಿ ಅಣ್ಣನೆಂದು ಕರೆಯುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಪರಊರಿನಲ್ಲಿ ಎಷ್ಟೋ ಮಕ್ಕಳಿಗೆ ಇಂಥವರೇ ಸೋದರಮಾವಂದಿರಾಗಿದ್ದಾರೆ.

ಕೈಬಿಡಬೇಕಾದುವು ಅಶುದ್ಧಿಯ ಭಯ, ದಟ್ಟ ಕೂದಲಿನ ಆಸೆ, ಹಲವರ ತಲೆಗೆ ಒಂದೇ ಅಲಗು. ಉಳಿಸಿಕೊಳ್ಳಬೇಕಾದುವು ತಾಯಿಯ ತೊಡೆ, ಹದವಾದ ನೀರು, ಮಾವನ ಕೈ, ಕ್ಷೌರಿಕನ ಮಾನ, ಮತ್ತು ನೋಯಿಸಬೇಡವೆಂದು ಆಯುಧವನ್ನು ಕೇಳಿಕೊಳ್ಳುವ ಆ ಮಾತು. ಅದನ್ನು ಸಂಸ್ಕೃತದಲ್ಲಿ ಹೇಳಲು ಬಾರದವರು ಕನ್ನಡದಲ್ಲಿ ಹೇಳಬಹುದು. ಮಗು ಹೆಣ್ಣಾದರೂ ಹೇಳಬಹುದು.

ಇನ್ನು, ಮಗು ಮಲಗಿದ್ದಾಗ ಹಣೆಯ ಮೇಲಿನ ನಾಲ್ಕು ಎಳೆಗಳನ್ನು ಕತ್ತರಿಸಿದ ತಾಯಿಯ ವಿಚಾರ. ಸೂತ್ರದ ಕಾಲದಲ್ಲಿಯೂ ಕತ್ತರಿಸಿದ ಕೂದಲನ್ನು ಕೈಯಲ್ಲಿ ತೆಗೆದುಕೊಳ್ಳುತ್ತಿದ್ದವಳು ತಾಯಿಯೇ. ಅವಳು ಆ ಕಾಗದದ ಪೊಟ್ಟಣವನ್ನು ಕಪಾಟಿನಿಂದ ಹೊರಗೆ ತೆಗೆದು, ಅದರ ಮೇಲೆ ಮಗುವಿನ ಹೆಸರನ್ನೂ ತಾರೀಖನ್ನೂ ಬರೆದು, ಅತ್ತೆಯ ಕೈಗೇ ಕೊಡಬಹುದು. ದೇವರ ಮುಂದೆ ಇಡಬೇಕಾದ ಅರಿಸಿನದ ಬಟ್ಟೆ ಎಲ್ಲಿದೆಯೆಂಬುದು ಅತ್ತೆಗೆ ತಿಳಿದಿರುತ್ತದೆ.